ಲಿಂಗೈಕ್ಯರು ಕರೀತಾರ, ತಪ್ಪದೇ ಬರ್ರಿ

ನಮ್ಮ ಕಡೆ ಲಗ್ನ ಮುರಿಯುವುದು ವರದಕ್ಷಿಣೆಗೆ, ಜಾತಕಕ್ಕೆ ಎಂದು ತಿಳಿದವರು ಲಗ್ನಪತ್ರಿಕೆಯ ಕರಡು ಬರೆಯುವ ಮನೆಯಲ್ಲಿ ಒಂದು ಸಂಜೆಯೂ ಕೂತಿಲ್ಲ. ಗಂಡು ಹೆಣ್ಣು ಒಪ್ಪುವುದಕ್ಕೆ ಒಂದು ಕಪ್ಪು ಚಹಾ ಆರುವಷ್ಟು ಹೊತ್ತು ಸಾಕು. ‘ಸುಖಾಗಮನ ಬಯಸುವವರು’ ಎಂಬುದರ ಕೆಳಗೆ ಯಾವ ಕಾಕಾನ ಹೆಸರು ಮೊದಲು, ಯಾವ ಕಾಕಾನದು ಆಮೇಲೆ ಎಂಬುದು ಇತ್ಯರ್ಥವಾಗಲು ಒಂದು ಅಮಾವಾಸ್ಯೆ ಬಂದು ಹೋಗಬೇಕು.

ವಿಜಯಪುರ ಜಿಲ್ಲೆಯ ತಾಂಬಾದ ಮನೆಯೊಂದರಲ್ಲಿ ಲಗ್ನ ಗೊತ್ತಾಯಿತು ಎನ್ನಿ. ಕಾರ್ಡಿಗೆ ಇಂಡಿಗೆ ಹೋಗುವುದೋ ಸಿಂದಗಿಗೋ ಎಂಬುದೇ ಮೊದಲ ತಕರಾರು. ನಿಂಬೆಗೆ ರೇಟು ಬಂದ ವರ್ಷವಾದರೆ ವಿಜಯಪುರ. ದ್ರಾಕ್ಷಿಯೂ ಕೈ ಹಿಡಿದಿದ್ದರೆ ಸೊಲ್ಲಾಪುರ. ಎಲ್ಲಿಗೆ ಹೋದರೂ ಅಂಗಡಿಯವ ಟೇಬಲ್ಲಿನ ಮೇಲೆ ಎತ್ತಿ ಇಡುವ ಆಲ್ಬಮ್ಮಿನ ಕಾರ್ಡು ಬಹುಪಾಲು ತಮಿಳುನಾಡಿನ ಶಿವಕಾಶಿಯದೇ. ಪಟಾಕಿ ಅಲ್ಲಿಂದ, ಗೋಡೆಯ ಕ್ಯಾಲೆಂಡರು ಅಲ್ಲಿಂದ, ಬಂಗಾರದ ಬಣ್ಣದ ಗಣಪತಿಯೂ ಅಲ್ಲಿಂದಲೇ ಕಾರ್ಡಿನ ಮೇಲೆ ಕೂತು ಬರುತ್ತಾನೆ. ಒಳಗಡೆ ಖಾಲಿ. ಆ ಖಾಲಿ ಜಾಗದಲ್ಲಿ ಅಚ್ಚಾಗುವ ‘ಮ್ಯಾಟರ್’ ಮಾತ್ರ ನಮ್ಮದು. ಜಗಳವೂ ಅದರದೇ.

ಪತ್ರಿಕೆಯ ನೆತ್ತಿಯ ಮೇಲೆ ದೇವರು. ಒಬ್ಬರಾದರೆ ಸರಿ. ಗಂಡಿನವರಿಗೆ ಯಲಗೂರ ಹನುಮಪ್ಪ, ಹೆಣ್ಣಿನವರಿಗೆ ಘತ್ತರಗಿ ಭಾಗ್ಯವಂತಿ, ಇಬ್ಬರೂ ನಡೆದುಕೊಳ್ಳುವುದು ಲಚ್ಯಾಣದ ಸಿದ್ಧಲಿಂಗ ಮಹಾರಾಜರಿಗೆ, ಮೇಲೆ ಊರದೇವರು ಸಿಟ್ಟಾಗಬಾರದಲ್ಲ. ಎಲ್ಲರೂ ‘ಪ್ರಸನ್ನ’ರಾಗಿ ಮುಗಿಯುವಾಗ ಕಾರ್ಡಿನ ಕಾಲುಭಾಗ ಖರ್ಚು. ಆಮೇಲೆ ಆಶೀರ್ವದಿಸುವ ಪೂಜ್ಯರ ದುಂಡನೆಯ ಫೋಟೋಗಳು. ಆ ಸಾಲಿನಲ್ಲಿ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರನ್ನು ಕಂಡಾಗಲೆಲ್ಲ ನನಗೆ ಕಸಿವಿಸಿ. ಅಂಗಿಗೆ ಜೇಬೇ ಇಡಿಸದವರು, 2018ರಲ್ಲಿ ಕೊಟ್ಟ ಪದ್ಮಶ್ರೀಯನ್ನು ವಿನಯದಿಂದ ವಾಪಸು ಮಾಡಿದವರು, ತನಗೊಂದು ಸ್ಮಾರಕ ಬೇಡ ಎಂದು ಮೊದಲೇ ಬರೆದಿಟ್ಟು 2023ರ ಜನವರಿ 2ರಂದು ಹೊರಟುಹೋದವರು. ಅವರನ್ನು ನಾವು ಬಂಗಾರದ ಬಣ್ಣದ ಚೌಕಟ್ಟಿನೊಳಗೆ ಕೂಡಿಸಿ, ಬಲಗಡೆಗೆ ‘ಮುಖ್ಯ ಅತಿಥಿಗಳು’ ಎಂದು ಶಾಸಕರನ್ನು ತಂದು ನಿಲ್ಲಿಸುತ್ತೇವೆ.

ಅತಿಥಿಗಳ ಪಟ್ಟಿಗೆ ಈಗ ಬರಗಾಲವಿಲ್ಲ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು, ವರ್ಷಗಟ್ಟಲೆ ಚುನಾವಣೆಯೇ ಆಗದೆ, ಹಾಲಿಗಳೆಲ್ಲ ಒಂದೇ ಏಟಿಗೆ ಮಾಜಿಗಳಾದರು. ಸರಕಾರಕ್ಕೆ ಅವರು ನೆನಪಾಗದಿದ್ದರೂ ಲಗ್ನಪತ್ರಿಕೆಗೆ ಆಗುತ್ತಾರೆ. ಮಾಜಿ ಸದಸ್ಯರು, ಮಾಜಿ ಅಧ್ಯಕ್ಷರು, ಮಾಜಿ ಉಪಾಧ್ಯಕ್ಷರು, ಕೊನೆಗೆ ‘ಯುವ ಮುಖಂಡರು’. ಈ ಕೊನೆಯವರಿಗೆ ಐವತ್ತು ದಾಟಿರುತ್ತದೆ.

ಇನ್ನು ಕರೆಯುವವರ ವಿಷಯ. ಡಿಟಿಪಿ ಹುಡುಗ ಕೀಬೋರ್ಡಿನ ಮೇಲೆ ಬೆರಳಿಟ್ಟು ಕೇಳುತ್ತಾನೆ:

“ಅಣ್ಣಾರ, ಆಮಂತ್ರಿಸುವವರು ಅಂತ ಯಾರ ಹೆಸರು ಹಾಕ್ಲಿ?”

“ನಮ್ಮಪ್ಪಂದ ಹಾಕು.”

“ಅವ್ರು ಹ್ವಾದ ವರ್ಷ ತೀರ್ಕೊಂಡ್ರಲ್ರಿ?”

“ಮುಂದ ‘ಲಿಂ’ ಅಂತ ಹಾಕು.”

“ಮತ್ತ ಅವ್ವಾರದು?”

ಅಲ್ಲಿಯವರೆಗೆ ಪಟಪಟ ಉತ್ತರ ಕೊಡುತ್ತಿದ್ದವನು ಗೋಡೆಯ ಕಡೆ ನೋಡುತ್ತಾನೆ. “ಅದು ಬ್ಯಾಡ. ಕಾಕಾ ಕಾಕೂಂದು ಹಾಕು. ಶುಭಕಾರ್ಯ.”

ಹೀಗೆ ತೀರಿಹೋದ ಯಜಮಾನ ಲಗ್ನಕ್ಕೆ ಎಲ್ಲರನ್ನೂ ಕರೆಯುತ್ತಾನೆ. ಬದುಕಿರುವ ಯಜಮಾನತಿ ಕರೆಯುವಂತಿಲ್ಲ. ಹೆಣ್ಣು ಹುಡುಕಿದವಳು ಅವಳು. ಪತ್ತಿನ ಸಹಕಾರಿ ಸಂಘದಲ್ಲಿ ತನ್ನ ಬಂಗಾರ ಅಡವಿಟ್ಟು ಇದೇ ಕಾರ್ಡಿಗೆ ಮುಂಗಡ ಕೊಟ್ಟವಳೂ ಅವಳೇ. ‘ಸೌ’ ಎಂಬ ಒಂದೇ ಅಕ್ಷರ ಹೆಸರಿನ ಮುಂದಿಂದ ಉದುರಿದ್ದಕ್ಕೆ ಇಡೀ ಹೆಸರೇ ಉದುರಿತು. ಎಷ್ಟೋ ಪತ್ರಿಕೆಗಳಲ್ಲಿ ಇದು ಇಂದಿಗೂ ನಡೆಯುತ್ತಿದೆ. ನಡೆಸುವವರು ಅನಕ್ಷರಸ್ಥರಲ್ಲ, ಹೆಸರಿನ ಮುಂದೆ ‘ಬಿ.ಎ., ಬಿ.ಎಡ್.’ ಹಾಕಿಸಿಕೊಂಡವರು. ಬಸವಣ್ಣನ ಬಾಗೇವಾಡಿ ಇದೇ ಜಿಲ್ಲೆಯಲ್ಲಿದೆ. 2024ರ ಜನವರಿಯಲ್ಲಿ ಸರಕಾರ ಆತನನ್ನು ಸಾಂಸ್ಕೃತಿಕ ನಾಯಕನೆಂದು ಘೋಷಿಸಿತು. ಆತನ ಚಿತ್ರವೂ ಕಾರ್ಡಿನ ಎಡಮೂಲೆಯಲ್ಲಿರುತ್ತದೆ. ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಲಗ್ನ ಮಾಡಿಸಿ ಅರಸನ ಸಿಟ್ಟು ಎದುರಿಸಿದವರ ಚಿತ್ರದ ಕೆಳಗೇ ನಾವು ವಿಧವೆಯ ಹೆಸರು ತೆಗೆದುಹಾಕುತ್ತೇವೆ.

ದೇವರು, ಸ್ವಾಮಿಗಳು, ಮಾಜಿಗಳು, ಲಿಂಗೈಕ್ಯರು, ಕಾಕಾಂದಿರು, ‘ನಮ್ಮ ಮಾಮಾನ ಲಗ್ನಕ್ಕ ತಪ್ಪದೇ ಬರ್ರಿ’ ಎನ್ನುವ ಚಿಳ್ಳೆಪಿಳ್ಳೆಗಳು. ಇವರೆಲ್ಲ ಕೂತ ಮೇಲೆ ಉಳಿದ ಬೆರಳಗಲ ಜಾಗದಲ್ಲಿ ವಧು ಮತ್ತು ವರ ನಿಂತುಕೊಳ್ಳಬೇಕು.

ಅವರು ಸುಮ್ಮನಿರುತ್ತಾರೆಯೇ? ಅಪ್ಪ ಕಾಕಾ ಸೇರಿ ಪತ್ರಿಕೆಯಿಂದ ತಳ್ಳಿದ್ದಕ್ಕೆ ಮಕ್ಕಳು ಇಡೀ ಮಂಟಪವನ್ನೇ ಪತ್ರಿಕೆ ಮಾಡಿಕೊಂಡಿದ್ದಾರೆ. ನೀರಿನ ಬಾಟಲಿಯ ಸುತ್ತ ಇಬ್ಬರ ಹೆಸರು, ನಡುವೆ ಒಂದು ಹೃದಯ. ತಾಂಬೂಲದ ಚೀಲದ ಮೇಲೆ ಇಬ್ಬರ ಹೆಸರು. ಕೈ ಒರೆಸುವ ಕಾಗದದ ಮೇಲೆ, ಕೀಚೈನಿನ ಮೇಲೆ, ಅಂತರಪಟದ ಮೇಲೆ, ಅರಿಷಿಣದ ದಿನ ಗೆಳತಿಯರು ಹಾಕಿಕೊಳ್ಳುವ ‘ಟೀಮ್ ಬ್ರೈಡ್’ ಟೀ ಶರ್ಟಿನ ಮೇಲೆ. ಆ ಟೀಮಿನಲ್ಲಿ ಬ್ರೈಡಿನ ಅಜ್ಜಿಯೂ ಇರುತ್ತಾಳೆ, ಇಳಕಲ್ ಸೀರೆಯ ಮೇಲೆ ಟೀ ಶರ್ಟ್ ತೊಟ್ಟು, ಫೋಟೋಕ್ಕೆ ಸೆರಗು ಎಲ್ಲಿ ಹೊದೆಯುವುದೆಂದು ತಿಳಿಯದೆ. ಪ್ರವೇಶದಲ್ಲೇ ಪ್ರಿವೆಡ್ಡಿಂಗ್ ಫೋಟೋ: ಗೋಳಗುಮ್ಮಟದ ಮುಂದೆ ಹುಡುಗ ಮೊಣಕಾಲೂರಿದ್ದಾನೆ. ಹಿಂದೆ ಕಾಣುವುದು ಮುಹಮ್ಮದ್ ಆದಿಲ್‌ಶಾಹನ ಗೋರಿ, ಪಕ್ಕದಲ್ಲಿ ಆತನ ಬೇಗಂಗಳೂ ನರ್ತಕಿ ರಂಭೆಯೂ ಮಲಗಿದ್ದಾರೆ ಎಂದು ಆ ಜೋಡಿಗೆ ಯಾರೂ ಹೇಳಿದಂತಿಲ್ಲ. ಹೇಳಿದ್ದರೂ ಏನಂತೆ, ಲೈಟಿಂಗ್ ಚೆನ್ನಾಗಿದೆ.

ಹೆಸರು ಹಾಕಿಸುವುದು ಹೊಸದೇನಲ್ಲ. ಮೊದಲು ಭಾಂಡೆ ಅಂಗಡಿಯಲ್ಲಿ ಹಾಕಿಸುತ್ತಿದ್ದೆವು. ಆಯೇರಿಗೆಂದು ಸ್ಟೀಲಿನ ಪಾತೇಲಿಯನ್ನೋ ಕೊಡವನ್ನೋ ತೂಗಿಸಿದ ಮೇಲೆ ಅಂಗಡಿಯವ ದಪ್ಪ ಪೆನ್ನಿನಂಥ ಮಷೀನು ಚಾಲೂ ಮಾಡುತ್ತಿದ್ದ. ಗುರ್ರ್ ಎಂದು ಹಲ್ಲು ಜುಂ ಎನ್ನಿಸುವ ಸದ್ದಿನಲ್ಲಿ ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡುತ್ತಿದ್ದವು. ಅಲ್ಲಿಯೂ ಕೊಟ್ಟವರ ಹೆಸರು ದೊಡ್ಡದು, ಲಗ್ನವಾದವರ ಹೆಸರು ಸಣ್ಣದು, ಕೆಲವೊಮ್ಮೆ ಇಲ್ಲವೇ ಇಲ್ಲ. ಅದು ಪ್ರೀತಿಯ ಕುರುಹು ಎಂದು ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅದು ಉದ್ರಿ ಖಾತೆ. ಇಂಥವರು ಇಷ್ಟು ತೂಕದ್ದು ಕೊಟ್ಟಿದ್ದಾರೆ, ಅವರ ಮನೆಯ ಲಗ್ನಕ್ಕೆ ಇಷ್ಟೇ ತೂಕದ್ದು ಹೋಗಬೇಕು ಎಂಬ ಲೆಕ್ಕ. ಆದರೆ ಆ ಪಾತೇಲಿಯಲ್ಲಿ ಮೂವತ್ತು ವರ್ಷ ಸಾರು ಕುದಿಯಿತು. ಬಾಟಲಿಯ ಮೇಲಿನ ಹೃದಯ ನಾಲ್ಕು ಗುಟುಕು ನೀರು ಮುಗಿಯುವವರೆಗೆ. ಗಂಡ ಹೆಂಡತಿ ಮೊದಲ ಜಗಳ ಆಡುವ ಮುಂಚೆಯೇ ಅವರಿಬ್ಬರ ಹೆಸರು ಮಂಗಲ ಕಾರ್ಯಾಲಯದ ಹಿಂದಿನ ಗಟಾರದಲ್ಲಿ ತೇಲುತ್ತಿರುತ್ತದೆ.

ಕಾನೂನು ಇಲ್ಲವೇ ಎಂದರೆ, ಇದೆ. ಪ್ಲಾಸ್ಟಿಕ್ಕಿನ ಫ್ಲೆಕ್ಸು ಬ್ಯಾನರನ್ನು ಕರ್ನಾಟಕ 2016ರ ಮಾರ್ಚಿನಲ್ಲೇ ನಿಷೇಧಿಸಿತು. ಕೇಂದ್ರ ಸರಕಾರ 2022ರ ಜುಲೈ 1ರಿಂದ ನಿಷೇಧಿಸಿದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿನ ಪಟ್ಟಿಯಲ್ಲಿ ಕಿವಿಕಡ್ಡಿ, ಸ್ಟ್ರಾಗಳ ಜೊತೆ ಮಿಠಾಯಿ ಡಬ್ಬಿ ಮತ್ತು ಆಮಂತ್ರಣ ಪತ್ರಿಕೆಗಳಿಗೆ ಸುತ್ತುವ ಹಾಳೆಯನ್ನೂ ಸೇರಿಸಿತು. ಬಟ್ಟೆಯಂತೆ ನಟಿಸುವ ನಾನ್‌ವೋವನ್ ಚೀಲ ಚದರ ಮೀಟರಿಗೆ 60 ಗ್ರಾಂಗಿಂತ ಹಗುರ ಇರಕೂಡದು ಎಂಬ ನಿಯಮವೂ ಇದೆ. ನಮ್ಮ ಲಗ್ನದಲ್ಲಿ ಆ ಚೀಲ ಎಷ್ಟು ಹಗುರವೆಂದರೆ, ಒಳಗೆ ಹಾಕಿದ ತೆಂಗಿನಕಾಯಿ ಬಸ್ ಸ್ಟ್ಯಾಂಡ್ ಬರುವ ಮೊದಲೇ ತನ್ನ ದಾರಿ ತಾನು ಹಿಡಿಯುತ್ತದೆ. ಪುಣ್ಯಕ್ಕೆ ಹೆಸರು ಮಾತ್ರ ಚೀಲದ ಮೇಲೆ ಗಟ್ಟಿಯಾಗಿ ಉಳಿದಿರುತ್ತದೆ.

ಈ ಹುಚ್ಚಿಗೆ ಗುರು ಯಾರು ಎಂದು ಹುಡುಕಿದರೆ ದಾರಿ ಬಳ್ಳಾರಿಗೆ ಹೋಗುತ್ತದೆ. 2016ರ ನವೆಂಬರಿನಲ್ಲಿ ನೋಟು ರದ್ದಾಗಿ ನಾವೆಲ್ಲ ನಮ್ಮದೇ ದುಡ್ಡಿಗೆ ಬ್ಯಾಂಕಿನ ಮುಂದೆ ಸಾಲು ನಿಂತಿದ್ದಾಗ, ಅದೇ 16ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ವಿಜಯನಗರದ ಸೆಟ್ಟು ಹಾಕಿ ಬಳ್ಳಾರಿಯ ಜನಾರ್ದನ ರೆಡ್ಡಿಯವರು ಮಗಳ ಮದುವೆ ಮಾಡಿದರು. ಅದರ ಆಮಂತ್ರಣ ಒಂದು ಪೆಟ್ಟಿಗೆ. ಮುಚ್ಚಳ ತೆರೆದರೆ ಒಳಗೊಂದು ಪರದೆ ಬೆಳಗಿ, ಮನೆಯವರೆಲ್ಲ ಹಾಡಿನೊಂದಿಗೆ ಕಾಣಿಸಿಕೊಂಡು ಬನ್ನಿ ಎನ್ನುತ್ತಿದ್ದರು. ಹಾಗೆ ನೋಡಿದರೆ ತಾಂಬಾದ ಕಾರ್ಡು ಪಾಪ, ಬಾಯಿ ಬಿಡುವುದಿಲ್ಲ, ಕಾಕಾಂದಿರು ಬಿಡುತ್ತಾರೆ.

ಬಡವರ ದಾರಿ ಸಾಮೂಹಿಕ ವಿವಾಹ. ಅಲ್ಲಿ ಎಲ್ಲ ಜೋಡಿಗೂ ಒಂದೇ ಕರಪತ್ರ, ಒಂದೊಂದು ಸಾಲು. ಸಮಾನತೆ ಎಂದು ಸಂತೋಷಪಡುವ ಮೊದಲು ಮುಖಪುಟ ನೋಡಿ. ಅಲ್ಲಿ ಇರುವವರು ಲಗ್ನವಾಗುವವರಲ್ಲ, ಮಾಡಿಸುವವರು.

ಕಾಗದವೇ ಬೇಡ, ವಾಟ್ಸ್ಆ್ಯಪಿನಲ್ಲಿ ಕಳಿಸೋಣ ಎಂದ ಜಾಣರಿಗೂ ಕಲ್ಲು ಬಿತ್ತು. 2024ರಲ್ಲಿ ಮದುವೆ ಆಮಂತ್ರಣದ ವೇಷದಲ್ಲಿ ‘ಎಪಿಕೆ’ ಫೈಲು ಕಳಿಸಿ ಮೊಬೈಲಿನೊಳಗೆ ನುಗ್ಗುವ ಕಳ್ಳರು ಹುಟ್ಟಿಕೊಂಡರು. ಪೊಲೀಸರು ಗುರುತಿಲ್ಲದವರ ಆಮಂತ್ರಣ ತೆರೆಯಬೇಡಿ ಎಂದರು. ಲಗ್ನಕ್ಕೆ ಹೋಗಲು ಮನಸ್ಸಿಲ್ಲದ ಬೀಗರಿಗೆ ಇಂಥ ಸುವರ್ಣಾವಕಾಶ ಹಿಂದೆಂದೂ ಸಿಕ್ಕಿರಲಿಲ್ಲ. “ನಿಮ್ಮ ಕಾರ್ಡ ಬಂದಿತ್ರಿ, ವೈರಸ್ ಇರ್ಬೇಕಂತ ತಗೀಲೇ ಇಲ್ಲ.”

ಆದ್ದರಿಂದ ಮೂಲೆಗೆ ಅರಿಷಿಣ ಹಚ್ಚಿ ಮನೆ ಮನೆಗೆ ಹೋಗಿ ಕೈಯಾರೆ ಕೊಡಲೇಬೇಕು. ಕೊಟ್ಟರೂ ಮುಗಿಯಲಿಲ್ಲ. ಪತ್ರಿಕೆ ಕೈಗೆ ಬಂದವನು ಮೊದಲು ಹುಡುಕುವುದು ವಧುವಿನ ಹೆಸರಲ್ಲ, ತನ್ನದು. ಇಲ್ಲವೆಂದಾದರೆ ಮುನಿಸಿಗೂ ಒಂದು ಪದ್ಧತಿಯಿದೆ: ಲಗ್ನಕ್ಕೆ ಬರುತ್ತಾನೆ, ಅಕ್ಕಿಕಾಳು ಹಾಕುತ್ತಾನೆ, ಊಟ ಮಾಡುವುದಿಲ್ಲ. ಸುಮ್ಮನೆ ಮನೆಗೂ ಹೋಗುವುದಿಲ್ಲ. ಉಣ್ಣುವವರಿಗೆಲ್ಲ ಕಾಣುವಂತೆ ಕುರ್ಚಿ ಎಳೆದುಕೊಂಡು ಉಪವಾಸ ಕೂರುತ್ತಾನೆ. ನಾಲ್ಕು ಮಂದಿ ಹಿರಿಯರು ರಮಿಸಲು ಬರುತ್ತಾರೆ.

“ಕಾಕಾ, ಹೆಸರು ಬಿಟ್ಟಿದ್ದು ಪ್ರೆಸ್ಸಿನವನ ತಪ್ಪರೀ. ಏಳ್ರಿ, ಹುಗ್ಗಿ ಆರ್ತದ.”

“ಆರ್ಲಿ.”

“ಅದಕ್ಕ ಅಲ್ರೀ ಬ್ಯಾನರಿನ್ಯಾಗ ನಿಮ್ಮ ಫೋಟೋ ಹಾಕ್ಸೇವಿ.”

“ಎಲ್ಲದ?”

“ಗೇಟಿನ ಹಂತ್ಯಾಕ.”

ಕಾಕಾ ಎದ್ದ. ಟೊಪಗಿ ಸರಿ ಮಾಡಿಕೊಂಡು ಗೇಟಿನ ತನಕ ನಡೆದ. ಕತ್ತೆತ್ತಿ ಬ್ಯಾನರನ್ನು ಮೇಲಿಂದ ಕೆಳಗೆ ನೋಡಿದ. ವಾಪಸು ಬಂದು ಅದೇ ಕುರ್ಚಿಯಲ್ಲಿ ಕೂತ.

“ಆ ಮಾಜೀಗಿಂತ ಸಣ್ಣದ ಅದ.”