ಮಂದ್ರಪೆಟ್ಟಿಗೆ ಮೀಮಾಂಸೆ: ದಂಡಿಗನಹಳ್ಳಿ ಹೋಬಳಿಯ ಬೇಸ್ ಗಿಟಾರಿಗನಿಗೆ ತಕ್ಕ ಆಂಪ್ಲಿಫೈಯರ್ ಯಾವುದೆಂಬ ವಿಚಾರ

ಇನ್ನು ಮುಂದೆ, ಆದ್ದರಿಂದ, ಆಂಪ್ಲಿಫೈಯರಿನ ಜಿಜ್ಞಾಸೆ.

ಶಾಸ್ತ್ರಗ್ರಂಥ ಹೀಗೇ ಶುರುವಾಗಬೇಕು. 'ಇನ್ನು ಮುಂದೆ' ಎಂದರೆ ಬೇಸ್ ಗಿಟಾರಿಗೆ ದುಡ್ಡು ಕೊಟ್ಟಾದ ಮೇಲೆ ಎಂದು ಭಾಷ್ಯ. 'ಆದ್ದರಿಂದ' ಎಂದರೆ, ಅದನ್ನು ಜಗುಲಿಯ ಮೇಲೆ ಕೂತು ಮೀಟಿದಾಗ ಮಗ್ಗುಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿ "ಏನ್ ಮಗ, ತಂತಿ ಇನ್ನೂ ಕಟ್ಟಿಲ್ವಾ?" ಎಂದು ಕೇಳುವ ಕಾರಣದಿಂದ. ಪೊಳ್ಳು ಹೊಟ್ಟೆಯಿಲ್ಲದ ಗಟ್ಟಿ ಮರದ ವಾದ್ಯವಾದ್ದರಿಂದ ಬೇಸ್ ಗಿಟಾರ್ ತನ್ನಷ್ಟಕ್ಕೆ ತಾನು ಮೌನಿ. ಅದರ ಬಾಯಿ ಬೇರೆಯೇ ಪೆಟ್ಟಿಗೆಯಲ್ಲಿದೆ, ಆ ಪೆಟ್ಟಿಗೆಯನ್ನು ಬೇರೆಯೇ ದುಡ್ಡಿಗೆ ಮಾರುತ್ತಾರೆ.

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಚನ್ನರಾಯಪಟ್ಟಣ ತಾಲ್ಲೂಕು ದಂಡಿಗನಹಳ್ಳಿ ಹೋಬಳಿಯಲ್ಲಿ ವಾಸವಿದ್ದು, ತೆಂಗು ರಾಗಿ ಇದ್ದು, ಕೊಟ್ಟಿಗೆಯಲ್ಲಿ ಸೀಮೆಹಸು ಕಟ್ಟಿದ್ದು, ಮೊಬೈಲಿನಲ್ಲಿ 'ಪಲ್ಲವಿ ಅನುಪಲ್ಲವಿ'ಯ ಹಾಡು ಕೇಳಿ ಕೆಟ್ಟವನು. 1983ರ ಆ ಚಿತ್ರಕ್ಕೆ ಸಂಗೀತ ಇಳಯರಾಜ ಅವರದು. ನಮ್ಮ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ಪಳಗಿದ ಅವರು ಆ ಹಾಡುಗಳಲ್ಲಿ ಬೇಸ್ ಗಿಟಾರನ್ನು ತಾಳದ ಹಿಂದೆ ಬಚ್ಚಿಡದೆ ಹಾಡುಗಾರನ ಪಕ್ಕದಲ್ಲೇ ನಡೆಸಿದರು. ಅದನ್ನು ಒಳ್ಳೆಯ ಸ್ಪೀಕರಿನಲ್ಲಿ ಒಮ್ಮೆ ಕೇಳಿದವನಿಗೆ ಬೇರೆ ವಾದ್ಯ ರುಚಿಸುವುದಿಲ್ಲ. ಇಂಥವನನ್ನು ಮುಂದೆ 'ಸಾಧಕ' ಎಂದು ಕರೆಯಲಾಗುವುದು.

ಶಾಸನಾಧಾರಗಳನ್ನು ನೋಡೋಣ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಜಿಲ್ಲಾ ಸಂಪುಟ, ಅಂದರೆ 5ನೆಯದು, ಭೂದಾನ, ಗೋಗ್ರಹಣ, ಕೆರೆಗೆ ಬಿಟ್ಟ ಗದ್ದೆ ಎಲ್ಲವನ್ನೂ ಹೇಳಿ ಆಂಪ್ಲಿಫೈಯರಿನ ವಿಷಯದಲ್ಲಿ ಗುಮಾನಿ ಹುಟ್ಟಿಸುವಷ್ಟು ಮೌನವಾಗಿದೆ. ಇದೇ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಲಕ್ಷ್ಮೀನರಸಿಂಹನ ಗುಡಿ ಕಟ್ಟಿಸಿದ ಬೊಮ್ಮಣ್ಣ ದಂಡನಾಯಕನೂ ಈ ಬಾಬ್ತಿಗೆ ಏನೂ ಬಿಟ್ಟಂತಿಲ್ಲ. ಹೊಯ್ಸಳ ಶಿಲ್ಪಿಗಳು ಮದ್ದಳೆಯವರನ್ನು ಬೆರಳಿನ ಉಂಗುರದ ಸಮೇತ ಕೊರೆದರು. ಯಾರ ಕಾಲಬುಡದಲ್ಲೂ ಪೆಟ್ಟಿಗೆಯಿಲ್ಲ. ಆದ್ದರಿಂದ ಪ್ರಮಾಣಕ್ಕಾಗಿ ಕಡಲಾಚೆಗೆ ಹೋಗದೆ ಗತಿಯಿಲ್ಲ.

ಅಲ್ಲಿನ ಇತಿಹಾಸ ಚಿಕ್ಕದು, ವಿಷಾದಕರ. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಮಾಡಿದ. ಮರುವರ್ಷ ಅದಕ್ಕೆ 15 ಅಂಗುಲದ ಸ್ಪೀಕರಿನ ಬೇಸ್‌ಮನ್ ಎಂಬ ಪೆಟ್ಟಿಗೆ ಮಾಡಿಕೊಟ್ಟ. ಅದು ಸೊಗಸಾಗಿದೆ ಎಂದು ಮಾಮೂಲಿ ಗಿಟಾರಿನವರು ಎತ್ತಿಕೊಂಡು ಹೋದರು. ಇಂಗ್ಲೆಂಡಿನ ಮಾರ್ಷಲ್ ಅದರ ನಕಲಿನಿಂದಲೇ ಅಂಗಡಿ ಬೆಳೆಸಿತು. ಬೇಸಿನವನಿಗೆ ಎಂದು ಮಾಡಿದ್ದು ಬೇಸಿನವನಿಗೆ ದಕ್ಕಲಿಲ್ಲ. ಆ ಸಿಟ್ಟಿಗೋ ಏನೋ, ಆಂಪೆಗ್ ಕಂಪನಿ 1969ರಲ್ಲಿ 300 ವಾಟಿನ ಎಸ್‌ವಿಟಿ ತಂದಿತು. 10 ಅಂಗುಲದ ಎಂಟು ಸ್ಪೀಕರು ತುಂಬಿದ ಅದರ ಪೆಟ್ಟಿಗೆಯೊಂದೇ 60 ಕಿಲೋ ಮೀರುತ್ತದೆ. ಅದನ್ನು ಕೆಂಪು ಬಸ್ಸಿಗೆ ಏರಿಸಿದರೆ ಕಂಡಕ್ಟರು ಕೊಡಬೇಕಾದ್ದು ಲಗೇಜ್ ಟಿಕೆಟ್ಟೋ ಫುಲ್ ಟಿಕೆಟ್ಟೋ ಎಂಬುದು ಬೇರೆಯೇ ಪ್ರಬಂಧದ ವಸ್ತು.

ಈಗ ಪೂರ್ವಪಕ್ಷಗಳು.

ಮೊದಲನೆಯವರು ವಾಟವಾದಿಗಳು. ವಾಟ್ ಹೆಚ್ಚಿದಷ್ಟೂ ಮೋಕ್ಷ ಹತ್ತಿರ ಎನ್ನುವವರು. ಇವರಿಗೆ ಉತ್ತರ: ಸದ್ದು ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ವಾಟ್ ಸುಮಾರು ಹತ್ತರಷ್ಟಾಗಬೇಕು. 25 ಬಿಟ್ಟು 50 ವಾಟ್ ಕೊಂಡವನಿಗೆ ಹೆಚ್ಚಿಗೆ ಸಿಗುವುದು 3 ಡೆಸಿಬೆಲ್. ಅದು ಅಂಗಡಿಯವನ ಬಿಲ್ಲಿನಲ್ಲಿ ಕಂಡಷ್ಟು ಸ್ಪಷ್ಟವಾಗಿ ನಡುಮನೆಯಲ್ಲಿ ಕೇಳುವುದಿಲ್ಲ.

ಎರಡನೆಯವನು ಊರಿನ ಮೈಕ್‌ಸೆಟ್ ಅಣ್ಣ. "ಅದಕ್ಯಾಕೆ ಅಷ್ಟು ದುಡ್ಡು ಸುರೀತೀಯ? ನಮ್ ಹಾರ್ನ್‌ಗೆ ಕೊಡು, ಉದಯಪುರದ ತನಕ ಕೇಳುಸ್ತೀನಿ" ಎಂಬುದು ಇವನ ಮತ. ಈ ಮತವನ್ನು ಹಗುರವಾಗಿ ಕಾಣಬಾರದು, ಮದುವೆಗೂ ಮಾರಮ್ಮನಿಗೂ ಸಾಕಾದ ಮತ. ಆದರೆ ಹಾರ್ನಿಗೆ ಸಾಮಾನ್ಯವಾಗಿ 200-300 ಹರ್ಟ್ಸಿನ ಕೆಳಗೆ ಲೋಕವಿದೆಯೆಂದೇ ಗೊತ್ತಿಲ್ಲ. ಬೇಸಿನ ನಾಲ್ಕು ತಂತಿಗಳು ಬಿಟ್ಟ ಕೈಯಲ್ಲಿ 41, 55, 73, 98 ಹರ್ಟ್ಸ್. ಅತಿ ಸಣ್ಣ ತಂತಿಯ 12ನೇ ಮನೆಗೆ ಏರಿದರೂ 196. ಅಂದರೆ ಸಾಧಕನ ಇಡೀ ಸಂಸಾರ ಹಾರ್ನಿನ ಹೊಸ್ತಿಲ ಹೊರಗೇ ನಿಂತಿರುತ್ತದೆ. ಉದಯಪುರದವರಿಗೆ ಕೇಳುವುದು ತಂತಿಯ ಮೇಲೆ ಬೆರಳು ಉಜ್ಜಿದ ಕರಕರ ಮಾತ್ರ.

ಮೂರನೆಯವರು ಹೆಡ್‌ಫೋನ್‌ವಾದಿಗಳು, ಶುದ್ಧ ಅದ್ವೈತಿಗಳು. ವೋಕ್ಸ್ ಆಂಪ್ಲಗ್‌ನಂಥ ಪುಟ್ಟ ಸಾಧನವನ್ನು ಗಿಟಾರಿನ ತೂತಿಗೇ ಸಿಕ್ಕಿಸಿ ಕಿವಿ ಮುಚ್ಚಿಕೊಂಡರೆ ನುಡಿಸುವವನೂ ಕೇಳುವವನೂ ಒಬ್ಬನೇ. ಬೇಸ್ ನಿಜವಾಗಿ ಬೇಸಾಗಿ ಕೇಳುವುದೂ ಹೀಗೆಯೇ, ಇದನ್ನು ಒಪ್ಪಲೇಬೇಕು. ತೊಡಕು ಲೌಕಿಕವಾದದ್ದು. ಹೊರಗಿನವರಿಗೆ ಕಾಣುವುದು ಮಂಚದ ಮೇಲೆ ಕೂತು ಕಣ್ಣು ಮುಚ್ಚಿ ತಲೆ ಅಲ್ಲಾಡಿಸುವ ಒಬ್ಬ ಪ್ರಾಯದ ಹುಡುಗ. ಸಂಜೆಯೊಳಗೆ ಅವನ ಕೊರಳಿಗೆ ತಾಯಿತ ಬಿದ್ದಿರುತ್ತದೆ.

ಇಷ್ಟು ಖಂಡನೆಯಾದ ಮೇಲೆ ಉಳಿಯುವವರು ಅಷ್ಟಾಂಗುಲವಾದಿಗಳು. 8 ಅಂಗುಲದ ಸ್ಪೀಕರು, 25 ವಾಟು, ಕೈಯಲ್ಲಿ ಎತ್ತುವ ತೂಕ. ಫೆಂಡರ್ ರಂಬಲ್ 25 ಈ ಜಾತಿಯದು, ಸುಮಾರು 9.5 ಕಿಲೋ. ಇದಕ್ಕಿಂತ ಇಳಿದರೆ ಬ್ಲಾಕ್‌ಸ್ಟಾರ್ ಫ್ಲೈನಂಥ 3 ವಾಟಿನ ಬ್ಯಾಟರಿ ಡಬ್ಬಿಗಳಿವೆ. ತೆಂಗಿನ ತೋಟದಲ್ಲಿ ಕೂರಲು ಅವು ಚೆನ್ನ. ಆದರೆ ಶಾಸ್ತ್ರದ ಮುಖ್ಯ ಪ್ರಶ್ನೆ ಇಲ್ಲೇ ತಲೆ ಎತ್ತುತ್ತದೆ: ಈ ಪುಟಾಣಿ ಪೆಟ್ಟಿಗೆಗಳಿಂದ 41 ಹರ್ಟ್ಸ್ ಹೊರಡುವುದುಂಟೇ?

ಲೆಕ್ಕ ಹೀಗಿದೆ. ಆ ಸ್ವರದ ಒಂದು ಅಲೆಯ ಉದ್ದ 8 ಮೀಟರಿಗೂ ಹೆಚ್ಚು. ಸಾಧಕನ ಕೋಣೆ ಅದರ ಅರ್ಧಕ್ಕೂ ಸಾಲದು. ಒಂದು ಸ್ಥಾಯಿ ಕೆಳಗಿಳಿದು ಅಷ್ಟೇ ಸದ್ದು ಮಾಡಬೇಕಾದರೆ ಸ್ಪೀಕರಿನ ಕಾಗದ ನಾಲ್ಕರಷ್ಟು ದೂರ ಹಿಂದೆ ಮುಂದೆ ಓಡಬೇಕು. 8 ಅಂಗುಲದ ಬಡಪಾಯಿ ಎಷ್ಟು ಓಡೀತು? ಮೇಲಾಗಿ ತಗ್ಗಿನ ಸ್ವರಗಳಿಗೆ ಮನುಷ್ಯನ ಕಿವಿಯೇ ಮಂದ, ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಹಾಗಿದ್ದರೂ ಸಾಧಕನಿಗೆ ಕೆಳಗಿನ ಸ್ವರ ಕೇಳುತ್ತದಲ್ಲ? ಕೇಳುತ್ತದೆ. ಪೆಟ್ಟಿಗೆಯಿಂದ ಹೊರಟದ್ದು 82, 124, 165ರ ಮಕ್ಕಳು ಮರಿಗಳು. ಅವುಗಳ ಚಹರೆ ನೋಡಿ ಮಿದುಳು ಮನೆಯ ಯಜಮಾನನನ್ನು ಊಹಿಸಿಕೊಳ್ಳುತ್ತದೆ. ಮೂಲಸ್ವರ ಗೈರಾದರೂ ಹಾಜರಿ ಬೀಳುತ್ತದೆ.

ಈ ಸ್ಥಿತಿಯನ್ನು ವಿವರಿಸಲು ಶ್ರವಣಬೆಳಗೊಳವಿರುವ ತಾಲ್ಲೂಕಿನವರು ಪರದೇಶಕ್ಕೆ ಹೋಗಬೇಕಿಲ್ಲ. ಜೈನರ ಸ್ಯಾದ್ವಾದ ಸಾಕು. ಒಂದು ನಯದಿಂದ ಸ್ವರ ಇದೆ. ಒಂದು ನಯದಿಂದ ಇಲ್ಲ. ಒಂದು ನಯದಿಂದ ಇದ್ದೂ ಇಲ್ಲ. ಒಂದು ನಯದಿಂದ ಹೇಳಲಾಗದು. ಉಳಿದ ಮೂರು ಭಂಗಗಳನ್ನು ಅಂಗಡಿಯವನು ಬಿಡಿಸಿ ಹೇಳುತ್ತಾನೆ, ಸರಕು ವಾಪಸ್ ತಂದಾಗ.

ಇದರಿಂದ ಹೊರಡುವ ಸಿದ್ಧಾಂತವನ್ನು ಪ್ರಬಂಧಕಾರನು ನಗದೆ ಹೇಳುತ್ತಾನೆ. ಅಭ್ಯಾಸದ ಪೆಟ್ಟಿಗೆಯ ಕೆಲಸ ಎದೆ ನಡುಗಿಸುವುದಲ್ಲ, ಚಾಡಿ ಹೇಳುವುದು. ಬೆರಳು ತಡವಾಗಿ ಬಿತ್ತು, ತಂತಿ ಪೂರ್ತಿ ಒತ್ತಲಿಲ್ಲ, ಬಿಟ್ಟ ಸ್ವರ ನಿಲ್ಲದೆ ಗೊಣಗುತ್ತಿದೆ: ಇಂಥ ಚಾಡಿಗಳೆಲ್ಲ ನಡುವಿನ ಸ್ವರಗಳಲ್ಲಿ, ಹೆಚ್ಚುಕಡಿಮೆ 200ರಿಂದ 1,000 ಹರ್ಟ್ಸಿನೊಳಗೆ ಇರುತ್ತವೆ. ಅಂಗಡಿಯಲ್ಲಿ ಬೇಸ್ ತಿರುಪನ್ನು ಪೂರ್ತಿ ತಿರುವಿ ಗುಡುಗಿಸಿ ತೋರಿಸುವವನನ್ನು ನಂಬಬೇಡಿ. ತಿರುಪನ್ನು ನಡುವಿಗೆ ತಂದು ನಿಧಾನವಾಗಿ ನುಡಿಸಿ, ತಪ್ಪು ನಾಚಿಕೆಯಾಗುವಷ್ಟು ಸ್ಪಷ್ಟವಾಗಿ ಕೇಳಿದರೆ ಅದನ್ನು ಕೊಳ್ಳಿ. ಹೆಡ್‌ಫೋನಿಗೆ ತೂತು, ಮೊಬೈಲಿನ ಹಾಡು ಕೂಡಿಸಲು ಇನ್ನೊಂದು ತೂತು, ಇವಿಲ್ಲದ್ದು ತ್ಯಾಜ್ಯ.

ಪೆಟ್ಟಿಗೆ ಇಡುವ ಜಾಗ. ಮೂಲೆಗೆ ಒತ್ತಿಟ್ಟರೆ ಗೋಡೆಗಳೇ ತಗ್ಗಿನ ಸ್ವರವನ್ನು ಎತ್ತಿಕೊಡುತ್ತವೆ, ಪುಕ್ಕಟೆ. ಯಾವ ಮೂಲೆಯಾದರೂ ಭೌತಶಾಸ್ತ್ರಕ್ಕೆ ಆಕ್ಷೇಪವಿಲ್ಲ. ಆದರೆ ಈಶಾನ್ಯದಲ್ಲಿ ದೇವರಿದ್ದಾನೆ, ಆಗ್ನೇಯದಲ್ಲಿ ಒಲೆ, ವಾಯುವ್ಯದಲ್ಲಿ ರಾಗಿ ಮೂಟೆ. ಉಳಿದದ್ದು ನೈಋತ್ಯ, ಅಲ್ಲಿ ಭಾರದ ವಸ್ತು ಇಡಬೇಕೆಂದು ವಾಸ್ತುವೂ ಹೇಳುವುದರಿಂದ ಎರಡು ಶಾಸ್ತ್ರಗಳಿಗೆ ಇಲ್ಲೊಂದು ಅಪರೂಪದ ಸಂಧಾನವಾಗಿದೆ. ಗೋಡೆಯಾಚೆ ಕೊಟ್ಟಿಗೆಯಿದ್ದರೆ ಮಾತ್ರ ಯೋಚಿಸಿ. ಹಸುವಿನ ಕಿವಿ 23 ಹರ್ಟ್ಸಿನವರೆಗೂ ಇಳಿಯುತ್ತದೆ. ತಲೆನೋವೆಂದು ಹೇಳಿಕೊಳ್ಳಲು ಅದಕ್ಕೆ ಬಾಯಿಲ್ಲ. ಡೇರಿಗೆ ಹೊರಡುವ ಕ್ಯಾನು ಹೇಳೀತು. ರಾತ್ರಿ 10ರಿಂದ ಬೆಳಗಿನ 6ರ ತನಕ ವಾಸದ ಜಾಗದಲ್ಲಿ 45 ಡೆಸಿಬೆಲ್ ಮಿತಿ ಎಂದು 2000ದ ಶಬ್ದಮಾಲಿನ್ಯ ನಿಯಮ ವಿಧಿಸಿದೆ. ಹಾಲು ಕರೆಯುವ ಹೊತ್ತಿನ ಬಗ್ಗೆ ಅದು ಏನೂ ಹೇಳದಿರುವುದು ದೊಡ್ಡ ಲೋಪ.

ಕೊನೆಗೆ ಕರೆಂಟು. ಅರ್ತಿಂಗ್ ಸರಿಯಿಲ್ಲದ ಪ್ಲಗ್ಗಿಗೆ ಸಿಕ್ಕಿಸಿದರೆ ಪೆಟ್ಟಿಗೆ 'ಗುಂಯ್' ಎನ್ನುತ್ತದೆ. ಇದನ್ನು ದೋಷವೆಂದು ಹಳಬರು ಬರೆದಿದ್ದಾರೆ. ಪ್ರಬಂಧಕಾರನ ಶೋಧ ಬೇರೆ. ನಮ್ಮ ಕರೆಂಟು 50 ಹರ್ಟ್ಸ್. ಬೇಸಿನ ದಪ್ಪ ತಂತಿಯ 3ನೇ ಮನೆ 49. ಅಂದರೆ ಈ ಗುಂಯ್‌ಕಾರ ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಐದು, ಕೂದಲೆಳೆ ಏರು, ಅಷ್ಟೇ. ಬೆಂಗಳೂರಿನಲ್ಲಿ ಕೊಳಲು ವಾದಕರೂ ಇಂಜಿನಿಯರರೂ ಆದ ಜಿ. ರಾಜನಾರಾಯಣ್ ಅವರು ರಾಡೆಲ್ ಕಂಪನಿ ಕಟ್ಟಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಗಾಗಿ ಪಟ್ಟ ಪಾಡೆಲ್ಲ ಪಟ್ಟರು. ಇಲ್ಲಿ ಅದು ಗೋಡೆಯ ತೂತಿನಿಂದಲೇ ಬರುತ್ತಿದೆ. ಅಮೆರಿಕದಲ್ಲಿ ಕರೆಂಟು 60 ಹರ್ಟ್ಸ್ ಆದ್ದರಿಂದ ಅಲ್ಲಿನವರಿಗೆ ಈ ಭಾಗ್ಯ ಬೇರೆ ಶ್ರುತಿಯಲ್ಲಿದೆ.

ಈ ಶೋಧವನ್ನು ಊರಿನ ಕುರುಕ್ಷೇತ್ರ ನಾಟಕ ಕಲಿಸಲು ಬಂದಿದ್ದ ಹಾರ್ಮೋನಿಯಂ ಮೇಷ್ಟರ ಮುಂದೆ ಮಂಡಿಸಲಾಯಿತು. ಅವರು ಗುಂಯ್‌ಕಾರಕ್ಕೆ ಕಿವಿಗೊಟ್ಟು, ಬಿಳಿ ಐದನ್ನು ಒತ್ತಿ ನೋಡಿ, ತಲೆದೂಗಿದರು.

"ಶ್ರುತಿ ಏನೋ ನಿಂತದೆ. ಆದ್ರೆ ನಮ್ ದುರ್ಯೋಧನಂದು ಬಿಳಿ ನಾಲ್ಕು. ಲೈನ್‌ಮನ್‌ಗೆ ಹೇಳಿ ಒಂದ್ ಮನೆ ಇಳ್ಸಕ್ಕಾಯ್ತದಾ?"

"ಇಲ್ಲ ಮೇಷ್ಟ್ರೇ. 2013ರ ಡಿಸೆಂಬರ್ 31ಕ್ಕೆ ನಮ್ಮ ದಕ್ಷಿಣದ ಗ್ರಿಡ್ಡನ್ನ ಇಡೀ ದೇಶದ್ದಕ್ಕೆ ಸೇರಿಸಿಬಿಟ್ಟವ್ರೆ. ಇಳಿಸಿದ್ರೆ ದಿಲ್ಲೀಲೂ ಇಳಿಸಬೇಕಾಯ್ತದೆ."

ಮೇಷ್ಟ್ರು ಎಲೆಅಡಿಕೆ ಉಗುಳಿ ಬಂದು ಕೂತರು.

"ಹಂಗಾರೆ ದುರ್ಯೋಧನನ್ನೇ ಏರುಸ್ತೀನಿ ಬುಡು."