ಸೋತಷ್ಟೂ ಅಗ್ಗ

ಪಿನ್‌ಬಾಲ್ ಯಂತ್ರವನ್ನು ಮನೆಗೆ ಬಾಡಿಗೆಗೆ ತರಬಹುದೇ ಎಂದು ಯಾರಾದರೂ ಕೇಳಿದರೆ, ನಿಮ್ಮ ಆಟ ಹೇಗೆ ಎಂದು ಮೊದಲು ವಿಚಾರಿಸುತ್ತೇನೆ. ಚೆನ್ನಾಗಿ ಆಡುವವರಿಗೆ ಇದು ಶುದ್ಧ ನಷ್ಟದ ಬಾಬ್ತು. ನನ್ನಂಥವರಿಗೆ ಮಾತ್ರ ಗಿಟ್ಟುತ್ತದೆ.

ನಾವಿರುವುದು ಷಿಕಾಗೋ ಪಕ್ಕದ ಊರೊಂದರಲ್ಲಿ. ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್, ಹೀಗೆ ಪಿನ್‌ಬಾಲಿನ ದೊಡ್ಡ ಮನೆತನಗಳೆಲ್ಲ ಷಿಕಾಗೋದವು. ಗುಂಡನ್ನು ಮೇಲಕ್ಕೆ ಬಡಿಯುವ ಫ್ಲಿಪ್ಪರ್ ಎಂಬ ರೆಕ್ಕೆಗಳು 1947ರಲ್ಲಿ ಗಾಟ್ಲೀಬ್‌ನ ‘ಹಂಪ್ಟಿ ಡಂಪ್ಟಿ’ ಯಂತ್ರದಲ್ಲಿ ಬಂದ ಮೇಲೆಯೇ ಈ ಆಟಕ್ಕೆ ಈಗಿನ ರೂಪ ಬಂದದ್ದು. “ಇಲ್ಲಿದ್ದೂ ಪಿನ್‌ಬಾಲ್ ಆಡದಿದ್ದರೆ ಚನ್ನಪಟ್ಟಣದಲ್ಲಿ ಸಂಸಾರ ಹೂಡಿ ಒಂದು ಬೊಂಬೆ ಕೊಳ್ಳದಿದ್ದ ಹಾಗೆ ಕಣೇ” ಎಂದೆ.

“ಮದ್ದೂರಿನಲ್ಲಿ ಹುಟ್ಟಿದೋರು, ಇವತ್ತಿಗಾದ್ರೂ ಒಂದು ವಡೆ ಮಾಡಿದೀರಾ?” ಎಂದಳು ನನ್ನವಳು.

ಹೊಸ ಯಂತ್ರಕ್ಕೆ 7,000 ಡಾಲರ್ ಆಸುಪಾಸು. ಬಾಡಿಗೆಗಾದರೆ ತಿಂಗಳಿಗೆ 200, ಕೆಟ್ಟರೆ ರಿಪೇರಿ ಅವರದೇ. ಏಳು ಸಾವಿರದ ಮಾತು ಮೊದಲು ಎತ್ತಿ, ಅವಳು ಎದೆ ಹಿಡಿದುಕೊಂಡಾಗ ಇನ್ನೂರರ ಮಾತು ಆಡಿದೆ. ಸೀರೆ ಅಂಗಡಿಯವರು ನನ್ನ ಮೇಲೆ ವರ್ಷಗಟ್ಟಲೆ ಪ್ರಯೋಗಿಸಿದ ವಿದ್ಯೆ ಅದು.

ಬಂದದ್ದು 1992ರ ‘ಆಡಮ್ಸ್ ಫ್ಯಾಮಿಲಿ’. ಬ್ಯಾಲಿಯವರು ಇಪ್ಪತ್ತು ಸಾವಿರಕ್ಕೂ ಮೇಲೆ ಮಾರಿದ ಹೆಸರುವಾಸಿ ಯಂತ್ರ. 125 ಕಿಲೋ ಮೀರಿದ ಅದನ್ನು ಕಾಲು ಬಿಚ್ಚಿ, ತಲೆ ಮಡಚಿ, ಇಬ್ಬರು ಹೈಕಳು ಬೇಸ್‌ಮೆಂಟಿನ ಮೆಟ್ಟಿಲು ಇಳಿಸಿದರು. ನಾನು “ಹುಷಾರು, ಹುಷಾರು” ಎಂದು ದೊಡ್ಡ ಸಹಾಯ ಮಾಡಿದೆ. ಊರಿಂದ ಬಂದಿದ್ದ ಅತ್ತೆ ಗಾಜಿನ ಮೇಲೆ ಕೈಯಾಡಿಸಿ, ಇಲ್ಲಿ ಬಿಸಿಲು ಬಿದ್ದಿದ್ದರೆ ಹಪ್ಪಳಕ್ಕೆ ಆಗುತ್ತಿತ್ತು ಎಂದರು. ಅಷ್ಟರಲ್ಲಿ ಯಂತ್ರದೊಳಗಿನ ಪೆಟ್ಟಿಗೆ ತೆರೆದು, ಮುಂಗೈಯೊಂದು ಹೊರಬಂದು, ಅಯಸ್ಕಾಂತದಿಂದ ಗುಂಡನ್ನು ಎತ್ತಿಕೊಂಡು ಒಳಹೋಯಿತು. “ಅಳಿಯಂದಿರೇ, ಮನೆಯೊಳಗೆ ಕಡಿದ ಕೈ ಇಟ್ಕೋಬಾರದು” ಎಂದ ಅತ್ತೆ ಆಮೇಲೆ ಬೇಸ್‌ಮೆಂಟಿಗೆ ಇಳಿದದ್ದು ಕುಂಕುಮ ಹಚ್ಚಿಕೊಂಡೇ.

ಮೊದಲ ರಾತ್ರಿ ನನಗೆ ನಾಲ್ಕು ಕೋಟಿ ಅಂಕ ಬಂತು. ಎಸ್ಸೆಸ್ಸೆಲ್ಸಿಯಲ್ಲಿ ಮುನ್ನೂರು ದಾಟಲು ಒದ್ದಾಡಿದವನು! ಊರಿನ ತಮ್ಮನಿಗೆ ಫೋನ್ ಮಾಡಲು ಹೊರಟಿದ್ದೆ. ಮಗ ತಡೆದ: “ಅಪ್ಪಾ, ಇದರಲ್ಲಿ ಸುಮ್ನೆ ನಿಂತ್ರೂ ಲಕ್ಷಗಟ್ಲೆ ಬರುತ್ತೆ.”

ಆದರೂ ಲೆಕ್ಕ ನನ್ನ ಕಡೆಗಿತ್ತು. ಹೊರಗೆ ಆಡಿದರೆ ಒಂದಾಟಕ್ಕೆ ಒಂದು ಡಾಲರ್ ಎಂದಿಟ್ಟುಕೊಳ್ಳಿ. ತಿಂಗಳಿಗೆ 200 ಆಟ ಆಡಿದರೆ ಬಾಡಿಗೆ ಹುಟ್ಟಿತು. ಮೂರು ಗುಂಡು ಮುಗಿದರೆ ಒಂದಾಟ. ನನ್ನ ಮೂರು ಗುಂಡು ಎರಡು ನಿಮಿಷದಲ್ಲಿ ಫ್ಲಿಪ್ಪರುಗಳ ಸಂದಿಯಲ್ಲಿ ಇಳಿದುಹೋಗುತ್ತವೆ. ಹಲಗೆಯ ಇಳಿಜಾರು ಬರೀ ಆರೂವರೆ ಡಿಗ್ರಿ, ನನ್ನ ಪಾಲಿಗೆ ಅದು ಚಾರ್ಮಾಡಿ ಘಾಟಿ. ಸಿಟ್ಟಿನಲ್ಲಿ ಅಲ್ಲಾಡಿಸಿದರೆ ಒಳಗೆ ತೂಗುಬಿಟ್ಟ ಲೋಲಕ ಬಳೆಗೆ ತಾಗಿ ‘ಟಿಲ್ಟ್’ ಎಂದು ಗುಂಡನ್ನೇ ಮುಟ್ಟುಗೋಲು ಹಾಕುತ್ತದೆ. ಆಟ ಇನ್ನೂ ಬೇಗ ಮುಗಿಯುತ್ತದೆ. ಅಂದರೆ ನಾನು ಸೋತಷ್ಟೂ ಬಾಡಿಗೆ ಅಗ್ಗ! ನನ್ನವಳೋ, ಸೊಪ್ಪು ಸೋಸುವ ಸಮಾಧಾನದಲ್ಲಿ ಒಂದೇ ಆಟವನ್ನು ಅರ್ಧ ಗಂಟೆ ಎಳೆಯುತ್ತಾಳೆ. “ನಿನ್ನಿಂದ ಮನೆಗೆ ನಷ್ಟ” ಎಂದು ಕಾಗದದ ಮೇಲೆ ಬರೆದು ತೋರಿಸಿದೆ. ಅವಳು ಕಾಗದ ನೋಡಲಿಲ್ಲ, ಗುಂಡು ನೋಡುತ್ತಿದ್ದಳು.

ನ್ಯೂಯಾರ್ಕಿನಲ್ಲಿ ಇದನ್ನು ಜೂಜೆಂದು 1942ರಲ್ಲಿ ನಿಷೇಧಿಸಿದ್ದರು, ಮೇಯರ್ ಲಾ ಗಾರ್ಡಿಯಾ ಸ್ವತಃ ಸುತ್ತಿಗೆ ಹಿಡಿದು ಯಂತ್ರ ಒಡೆದಿದ್ದರು ಎಂದು ಊಟದ ಹೊತ್ತಿನಲ್ಲಿ ಹೇಳಿದೆ. “ಆ ಪುಣ್ಯಾತ್ಮ ಈಗ ಇದ್ದಾರಾ?” ಎಂದರು ಅತ್ತೆ. 1976ರಲ್ಲಿ ರೋಜರ್ ಶಾರ್ಪ್ ಎಂಬಾತ ನಗರಸಭೆಯವರ ಮುಂದೆ ಗುಂಡು ಯಾವ ಓಣಿಗೆ ಹೋಗುತ್ತದೆಂದು ಮೊದಲೇ ಹೇಳಿ, ಹಾಗೇ ಹೊಡೆದು, ಇದು ಅದೃಷ್ಟವಲ್ಲ, ಕೈಚಳಕ ಎಂದು ತೋರಿಸಿದ ಮೇಲೆ ನಿಷೇಧ ಹೋಯಿತು. ನಾನೂ ಮನೆಯವರ ಮುಂದೆ “ನಡುವಿನ ಓಣಿ” ಎಂದು ಘೋಷಿಸಿ ಸ್ಪ್ರಿಂಗ್ ಎಳೆದೆ. ಆ ದಿನ ಅಲ್ಲಿ ನಾನು ನಿಂತಿದ್ದರೆ ನ್ಯೂಯಾರ್ಕಿನಲ್ಲಿ ಇವತ್ತಿಗೂ ನಿಷೇಧವಿರುತ್ತಿತ್ತು.

ಎರಡನೇ ತಿಂಗಳಲ್ಲಿ ಒಂದು ಫ್ಲಿಪ್ಪರ್ ಸೊರಗಿತು. ರಿಪೇರಿಯಾತ ಬಂದು ಅದನ್ನು ಸರಿಮಾಡಿ, ಹೋಗುವ ಮುನ್ನ ಯಂತ್ರ ಆರಿಸಿ ಒಳಗಿನ ಹಳೆಯ ಬ್ಯಾಟರಿಗಳನ್ನೂ ಬದಲಾಯಿಸಿದ. ಯಂತ್ರದ ನೆನಪೆಲ್ಲ ಇರುವುದು ಆ ಪುಟ್ಟ ಬ್ಯಾಟರಿಗಳ ಬಲದಲ್ಲಿ. ತೆಗೆದದ್ದೇ ತಡ, ನನ್ನವಳ ದಾಖಲೆ ಅಳಿಸಿಹೋಯಿತು. ಪುಕ್ಕಟೆ ಆಡಲು ಮಾಡಿಟ್ಟಿದ್ದ ಏರ್ಪಾಟೂ ಹೋಗಿ, ಯಂತ್ರ ಕಾರ್ಖಾನೆಯಿಂದ ಬಂದ ದಿನದ ಬುದ್ಧಿಗೆ ಮರಳಿ ಕಾಸು ಕೇಳತೊಡಗಿತು. ಆತ ಅಷ್ಟರಲ್ಲಿ ಹೊರಟುಹೋಗಿದ್ದ.

ಫೋನ್ ಮಾಡಿ ಕರೆಸೋಣ ಎಂದೆ. “ಬೇಡ, ಹೀಗೇ ಇರಲಿ” ಎಂದಳು. ನನ್ನ ಲೆಕ್ಕದ ಕಾಗದವನ್ನು ಅವಳು ಯಾವಾಗ ಓದಿದ್ದಳೋ! ಕಾಸಿನ ಬಾಗಿಲ ಬೀಗದ ಕೈ ಈಗ ಅವಳ ಗೊಂಚಲಿನಲ್ಲಿದೆ. ಎರಡು ಕ್ವಾರ್ಟರ್ ಹಾಕಿ ಅವಳು ಅರ್ಧ ಗಂಟೆ ಆಡುತ್ತಾಳೆ. ಎರಡು ಕ್ವಾರ್ಟರ್ ಹಾಕಿ ನಾನು ಎರಡು ನಿಮಿಷ ಆಡಿ ಮತ್ತೆ ಜೇಬು ತಡಕುತ್ತೇನೆ. ಬಾಡಿಗೆ ಇನ್ನೂ ಮೂರು ತಿಂಗಳು ಮುಂದುವರಿಸಿದವಳು ಅವಳೇ. ಶನಿವಾರ ಬೆಳಗ್ಗೆ ನಾನು ಬ್ಯಾಂಕಿಗೆ ಹೋಗಿ ಹತ್ತು ಡಾಲರಿನ ಕ್ವಾರ್ಟರ್ ಸುರುಳಿಗಳನ್ನು ತರುತ್ತೇನೆ. ಕೌಂಟರಿನ ಹುಡುಗಿ ನನಗೆ ಬಟ್ಟೆ ಒಗೆಯುವ ಅಂಗಡಿ ಇದೆಯೆಂದು ತಿಳಿದು, ವ್ಯಾಪಾರಸ್ಥರ ಖಾತೆ ತೆರೆಯುತ್ತೀರಾ ಎಂದು ಕೇಳಿದ್ದಾಳೆ.