ಹುಲಿ ಬಾರದ ಪುಸ್ತಕಕ್ಕೆ ಬಹುಮಾನ

2022ರ ಮಳೆಗಾಲದಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದಿದ್ದೇ ತಡ, ಘಟ್ಟದ ಮೇಲಿನ ನಮ್ಮ ಮೂರು ತಾಲೂಕುಗಳ ನಡುವೆ ಸಣ್ಣದೊಂದು ಗಡಿ ತಂಟೆ ಎದ್ದಿತು. ಬೀಗಾರ ಎಂಬ ಊರು ಇರುವುದು ಯಲ್ಲಾಪುರ ತಾಲೂಕಿನಲ್ಲಿ. ಹೆಸರಿನಲ್ಲೇ ಊರು ಕಟ್ಟಿಕೊಂಡು ತಿರುಗುವವರನ್ನು ಬಿಟ್ಟುಕೊಡಲು ಯಲ್ಲಾಪುರದವರಿಗೆ ಮನಸ್ಸಿಲ್ಲ. ಆದರೆ ಮೇಷ್ಟ್ರಾಗಿ ನೆಲೆ ನಿಂತದ್ದು ಸಿದ್ದಾಪುರದಲ್ಲಿ. ಹುಟ್ಟಿದ ಊರಿಗಿಂತ ಅನ್ನ ಕೊಟ್ಟ ಊರು ದೊಡ್ಡದು ಎಂಬುದು ಸಿದ್ದಾಪುರದ ವಾದ. ಶಿರಸಿಯವರಾದ ನಮಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಆದರೂ ಸುಮ್ಮನಿರಲಿಲ್ಲ. ‘ಮೇಷ್ಟ್ರು ಅಂದಮೇಲೆ ಶಿರಸಿ ಶೈಕ್ಷಣಿಕ ಜಿಲ್ಲೆಯವರೇ ಆದ್ರಲ’ ಎಂದು ನಮ್ಮ ಕಡೆಯವರೊಬ್ಬರು ತೀರ್ಪು ಕೊಟ್ಟರು. ಶೈಕ್ಷಣಿಕ ಜಿಲ್ಲೆ ಎಂಬುದು ಹತ್ತನೆಯ ತರಗತಿಯ ಫಲಿತಾಂಶದ ದಿನ ಬಿಟ್ಟು ಬೇರೆ ಯಾವತ್ತಾದರೂ ಕೆಲಸಕ್ಕೆ ಬಂದದ್ದನ್ನು ನಾನು ನೋಡಿದ್ದು ಆಗಲೇ.

ಬಹುಮಾನದ ಮೊತ್ತ 50,000 ರೂಪಾಯಿ, ಜೊತೆಗೊಂದು ತಾಮ್ರಫಲಕ. ಆ ವರ್ಷದ ಧಾರಣೆಯಲ್ಲಿ ಅದು ಹೆಚ್ಚುಕಡಿಮೆ ಒಂದು ಕ್ವಿಂಟಲ್ ರಾಶಿ ಅಡಿಕೆ. ನಮ್ಮಲ್ಲಿ ಎಲ್ಲ ಗೌರವಗಳನ್ನೂ ಒಮ್ಮೆ ಅಡಿಕೆಗೆ ಪರಿವರ್ತಿಸಿ ನೋಡದೆ ಸಮಾಧಾನವಾಗುವುದಿಲ್ಲ. ‘ಒಂದು ಕಾದಂಬರಿಗೆ ಒಂದು ಕ್ವಿಂಟಲ್, ಅಡ್ಡಿಲ್ಲೆ. ಔಷಧಿ ಹೊಡೆಸದು, ಕೊನೆ ಕೊಯ್ಸದು ಎಂತದೂ ಇಲ್ಲೆ’ ಎಂದು ಪಕ್ಕದ ಮನೆಯ ಹೆಗಡೇರು ಲೆಕ್ಕ ಹಾಕಿದರು. ಬರೆಯುವುದಕ್ಕೂ ಕೊಳೆರೋಗ ಇದೆ ಎಂದು ಅವರಿಗೆ ಹೇಳಲು ಹೋಗಲಿಲ್ಲ. ನಮ್ಮ ಆಯಿಗೆ ರೂಪಾಯಿಗಿಂತ ಫಲಕದ ಮೇಲೆ ಕಣ್ಣು. ‘ತಾಮ್ರದ್ದಾ? ಹಂಗಾರೆ ವರ್ಷಕ್ಕೊಂದ್ಸಲ ವಾಟೆಹುಳಿ ಹಾಕಿ ತಿಕ್ಕವು.’

ಮಕ್ಕಳ ಪುಸ್ತಕದ ಬಹುಮಾನ ಎಂದಮೇಲೆ ಮಕ್ಕಳು ಏನು ಹೇಳಿದರು ಎಂದು ಕೇಳಬೇಕಲ್ಲ. ಬೇಸಿಗೆ ರಜೆಯಲ್ಲಿ ನಮ್ಮ ಮನೆ ತಮ್ಮಂದಿರ, ಅಕ್ಕನ ಮಕ್ಕಳಿಂದ ತುಂಬಿರುತ್ತದೆ. ಪೇಟೆಗೆ ಹೋದಾಗ ಬಹುಮಾನ ಬಂದ ಪುಸ್ತಕ ಯಾವುದಾದರೂ ಕೈಗೆ ಸಿಕ್ಕರೆ ತಂದು ಜಗಲಿಯಲ್ಲಿ ಇಡುವುದು ನನ್ನದೊಂದು ಚಟ. ಸಿಗುವುದು ಅಷ್ಟು ಸುಲಭವಲ್ಲ ಬಿಡಿ. ನಮ್ಮ ಪೇಟೆಗಳಲ್ಲಿ ಪುಸ್ತಕದ ಅಂಗಡಿ ಎಂದರೆ ಪಾಟಿ, ಪಟ್ಟಿ, ಗೈಡು, ರಟ್ಟು. ಬಹುಮಾನದ ಕಾದಂಬರಿ ಕೇಳಿದರೆ ‘ಯಾವ ಕ್ಲಾಸಿಂದು?’ ಎನ್ನುತ್ತಾರೆ. ಯಾವ ಕ್ಲಾಸಿನದೂ ಅಲ್ಲ ಎಂದರೆ ನಮ್ಮನ್ನೇ ಒಂದು ನಮೂನೆ ನೋಡುತ್ತಾರೆ.

‘ಬಾವಲಿ ಗುಹೆ’ಯ ರಟ್ಟು ಕಂಡದ್ದೇ ಮಕ್ಕಳು ಒಳಗೆ ಏನಿದೆ ಎಂದು ನೋಡುವ ಮೊದಲು ಗುಹೆ ಯಾವ ಊರಿನದು ಎಂದು ಜಗಳಕ್ಕೆ ಬಿದ್ದರು. ಒಬ್ಬ ಯಾಣ ಎಂದ. ಯಾಣ ಕುಮಟಾ ತಾಲೂಕು, ಹಾಗಾಗಿ ಲೆಕ್ಕಕ್ಕಿಲ್ಲ ಎಂದ ಇನ್ನೊಬ್ಬ. ಇನ್ನೊಬ್ಬಳು ತನ್ನ ಅಜ್ಜನಮನೆಯ ಹಿಂದಿನ ಗುಡ್ಡದ ಬಿಲವನ್ನೇ ಗುಹೆ ಎಂದು ಸಾಧಿಸಿದಳು. ಬಾವಲಿಯ ಬಗ್ಗೆ ಮಾತ್ರ ಭಿನ್ನಾಭಿಪ್ರಾಯ ಇರಲಿಲ್ಲ. ರಾತ್ರಿ ಬಾವಲಿ ಚೀಪಿ ಬಿಸಾಡಿದ ಅಡಿಕೆಯನ್ನು ಬೆಳಗ್ಗೆ ಬೇಣದಲ್ಲಿ ಹೆಕ್ಕಿ, ಸುಲಿದು ಮಾರಿ ಜಾತ್ರೆಯ ಖರ್ಚಿಗೆ ಮಾಡಿಕೊಂಡ ಮಕ್ಕಳು ಇವು. ಬಾವಲಿ ಅವರಿಗೆ ಭೂತವೂ ಅಲ್ಲ, ಬ್ಯಾಟ್‌ಮ್ಯಾನೂ ಅಲ್ಲ, ಒಬ್ಬ ಪಾಲುದಾರ.

ಈ ಪ್ರಶಸ್ತಿಗಳ ಬಗ್ಗೆ ನನಗಿರುವ ದೊಡ್ಡ ತಕರಾರಿನ ಬೇರು ಇಲ್ಲೇ ಇದೆ. ಮಕ್ಕಳ ಪುಸ್ತಕವನ್ನು ಬರೆಯುವವರು ದೊಡ್ಡವರು, ಅಚ್ಚು ಹಾಕುವವರು ದೊಡ್ಡವರು, ಕೊಳ್ಳುವವರು ದೊಡ್ಡವರು, ಆರಿಸಿ ಬಹುಮಾನ ಕೊಡುವವರೂ ದೊಡ್ಡವರು. ನವೆಂಬರ್ 14ರ ಆಸುಪಾಸಿನಲ್ಲಿ ಸಭೆ ನಡೆದರೆ ಪ್ರಾರ್ಥನೆ ಹೇಳಲು ನಾಲ್ಕು ಮಕ್ಕಳನ್ನು ಕರೆಯುತ್ತೇವೆ, ಹಾಡಾದಮೇಲೆ ಹಿಂದಿನ ಸಾಲಿಗೆ ಕಳಿಸುತ್ತೇವೆ. ದೊಡ್ಡವರಿಗೆ ಕಾಡು ಎಂದರೆ ವಿಸ್ಮಯ. ನಮ್ಮ ಮಕ್ಕಳಿಗೆ ಕಾಡು ಎಂದರೆ ಶಾಲೆಯ ದಾರಿ, ಉಂಬಳ, ಮಂಗ ಓಡಿಸುವ ಕೆಲಸ. ಹುಬ್ಬಳ್ಳಿಯ ಮಾಲ್‌ನಲ್ಲಿ ತಾನಾಗಿ ಹತ್ತುವ ಮೆಟ್ಟಿಲು ಕಂಡಾಗ ಅವರ ಬಾಯಿ ತೆರೆದಷ್ಟು ಮಾಗೋಡಿನ ಜಲಪಾತಕ್ಕೆ ತೆರೆಯುವುದಿಲ್ಲ. ಹಾಗಿದ್ದೂ ಮಲೆನಾಡಿನ ಕತೆ ಅವರಿಗೆ ಹಿಡಿಸುತ್ತದೆ. ವಿಸ್ಮಯಕ್ಕಲ್ಲ, ತಪ್ಪು ಹಿಡಿಯಲಿಕ್ಕೆ! ಯಾವ ಕತೆಯಲ್ಲೇ ಆಗಲಿ, ಮುರುಗಲ ಹಣ್ಣು ಯಾವ ತಿಂಗಳಲ್ಲಿ ಆಯಿತು, ಬಸ್ಸು ಎಷ್ಟು ಗಂಟೆಗೆ ಬಂತು ಎಂದು ಪರೀಕ್ಷಕರ ಹಾಗೆ ಓದುತ್ತಾರೆ. ತಪ್ಪು ಸಿಗದಿದ್ದರೆ ನಿರಾಶೆಯಿಂದ ‘ಅಡ್ಡಿಲ್ಲೆ’ ಎನ್ನುತ್ತಾರೆ. ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಪುರಸ್ಕಾರ ಯಾವ ಅಕಾಡೆಮಿಯ ಕೈಲೂ ಇಲ್ಲ.

ಅಕಾಡೆಮಿ ಈ ಪುರಸ್ಕಾರ ಶುರು ಮಾಡಿದ್ದು 2010ರಲ್ಲಿ. ಕನ್ನಡದ ಮೊದಲ ಬಹುಮಾನ ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’ಗೆ. ಮರುವರ್ಷ ನಮ್ಮ ನೆರೆಮನೆಗೇ ಬಂತು: ಸಾಗರದ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’. ಸಿದ್ದಾಪುರದಿಂದ ತಾಳಗುಪ್ಪ ದಾಟಿದರೆ ಸಾಗರ. ಶರಾವತಿಯ ಯೋಜನೆಯ ಕಾಲದಲ್ಲಿ ಅಲ್ಲೇ ಸರಕಾರಿ ಕೆಲಸದಲ್ಲಿದ್ದವರು ಅವರು. ಲಿಂಗನಮಕ್ಕಿಯ ನೀರಿನಡಿ ಹೋದ ಊರುಗಳನ್ನು ಜೀವಮಾನವಿಡೀ ಬರೆದರು. ಯಲ್ಲಾಪುರದ ಮಕ್ಕಳಿಗೆ ಈ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಕಾಳಿಗೆ ಕೊಡಸಳ್ಳಿಯಲ್ಲಿ ಕಟ್ಟಿದ ಅಣೆಕಟ್ಟು ಅವರ ತಾಲೂಕಿನಲ್ಲೇ ಇದೆ. ಮುಳುಗಡೆಯಂಥ ಭಾರದ ಸಂಗತಿಯನ್ನು ಮಕ್ಕಳ ಪುಸ್ತಕಕ್ಕೆ ತಂದವರನ್ನು ಗುರುತಿಸಿದ್ದಕ್ಕೆ ಅಕಾಡೆಮಿಗೆ ನನ್ನ ಕಡೆಯಿಂದ ಹತ್ತು ಅಂಕ ಹೆಚ್ಚು. 2025ರ ಜನವರಿಯಲ್ಲಿ ಡಿಸೋಜರು ತೀರಿಕೊಂಡಾಗ ಆ ಪುಸ್ತಕವನ್ನು ಮತ್ತೆ ಕಪಾಟಿನಿಂದ ಇಳಿಸಿದೆ.

ಅದಾದಮೇಲೆ ಬಂತು ನೋಡಿ ಸಮಗ್ರ ಸಾಧನೆಯ ಕಾಲ. 2012ರಲ್ಲಿ ಪಳಕಳ ಸೀತಾರಾಮ ಭಟ್ಟರಿಗೆ, 2013ರಲ್ಲಿ ಎಚ್.ಎಸ್. ವೆಂಕಟೇಶಮೂರ್ತಿಯವರಿಗೆ, 2016ರಲ್ಲಿ ಸುಮತೀಂದ್ರ ನಾಡಿಗರಿಗೆ, 2017ರಲ್ಲಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರಿಗೆ, ಎಲ್ಲ ಮಕ್ಕಳ ಸಾಹಿತ್ಯಕ್ಕೆ ಕೊಟ್ಟ ಒಟ್ಟು ಕೊಡುಗೆಗಾಗಿ. ಒಬ್ಬೊಬ್ಬರೂ ಅರ್ಹರೇ. ಮಕ್ಕಳಿಗಾಗಿ ಆಯುಷ್ಯ ಸವೆಸಿದ ಹಿರಿಯರಿಗೆ ಶಾಲು ಹೊದೆಸಬಾರದು ಎಂದು ಯಾರು ಹೇಳುತ್ತಾರೆ? ನನ್ನ ಕಷ್ಟ ಬೇರೆ. ಪೇಪರು ಓದುತ್ತಿದ್ದಾಗ ತಮ್ಮನ ಮಗಳು ಪಕ್ಕದಲ್ಲಿ ಕೂತು, ‘ದೊಡ್ಡಪ್ಪಾ, ಈ ಸಲ ಯಾವ ಪುಸ್ತಕಕ್ಕೆ ಬಂತು?’ ಎಂದು ಕೇಳಿದಳು.

‘ಪುಸ್ತಕಕ್ಕಲ್ದೇ ಕೂಸೇ, ಸಮಗ್ರ ಸಾಧನೆಗೆ.’

‘ಅದ್ರಲ್ಲಿ ಹುಲಿ ಬತ್ತಾ?’

‘ಬತ್ತಿಲ್ಲೆ.’

‘ಹಂಗಾರೆ ಎಂತಕ್ಕೆ ಓದವು?’ ಎಂದು ಎದ್ದು ಹೋದಳು. ಒಂಬತ್ತು ವರ್ಷದ ಓದುಗಿಯ ಕೈಗೆ ಸಮಗ್ರ ಸಾಧನೆಯನ್ನು ತಂದುಕೊಡುವುದು ಹೇಗೆ, ಜಗಲಿಯ ಮೇಲೆ ಇಡುವುದು ಹೇಗೆ? ಇತ್ತೀಚಿನ ವರ್ಷಗಳಲ್ಲಿ ಬಹುಮಾನ ಮತ್ತೆ ಒಂದೊಂದೇ ಪುಸ್ತಕಕ್ಕೆ ಬರುತ್ತಿರುವುದು ನನಗಂತೂ ಸಮಾಧಾನ. ನಮ್ಮ ಜಗಲಿಯ ಸಮಿತಿ ಆ ಪಟ್ಟಿಯನ್ನು ಹೆಸರು ನೋಡಿಯೇ ವಿಂಗಡಿಸಿತು. ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ (2021) ಚರ್ಚೆಯಿಲ್ಲದೆ ಪಾಸು. ಓಡಿ ಹೋಗುವ ಆಸೆ ಇಲ್ಲದ ಹುಡುಗ ನಮ್ಮಲ್ಲಿ ಯಾರಿದ್ದಾನೆ? ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ (2023) ಹಕ್ಕಿಯಿಂದಾಗಿ ಪಾಸು. ಕೃಷ್ಣಮೂರ್ತಿ ಬಿಳಿಗೆರೆಯವರ ‘ಛೂಮಂತ್ರಯ್ಯನ ಕಥೆಗಳು’ (2024) ಮಂತ್ರದಿಂದಾಗಿ ಪಾಸು. ಕೆ. ಶಿವಲಿಂಗಪ್ಪ ಹಂದಿಹಾಳರ ‘ನೋಟ್‌ಬುಕ್’ (2025) ಮಾತ್ರ ಬಾಗಿಲಲ್ಲೇ ಸಿಕ್ಕಿಬಿತ್ತು. ರಜೆಯಲ್ಲಿ ಆ ಪದ ಎತ್ತುವುದೇ ಅಪರಾಧ. ‘ಕತೆ ಪುಸ್ತಕನೋ, ಹೋಂವರ್ಕಲ್ಲ’ ಎಂದು ನಾನು ಲೇಖಕರ ಪರ ವಕಾಲತ್ತು ವಹಿಸಬೇಕಾಯಿತು.

ಹೆಸರಿನ ಹಂತ ದಾಟಿ ಓದತೊಡಗಿದರೆ ತೀರ್ಪುಗಳು ಇನ್ನೂ ಖಡಕ್. ಯಾವ ಪುಸ್ತಕ ಎಂದು ಹೇಳಲಾರೆ, ಪ್ರಶಸ್ತಿ ಪಡೆದದ್ದೂ ಪಡೆಯದ್ದೂ ಇದರಲ್ಲಿ ಸೇರಿವೆ. ಕತೆಯ ಕೊನೆಯಲ್ಲಿ ಒಬ್ಬ ಅಜ್ಜ ಬಂದು ಎಲ್ಲರನ್ನೂ ಕೂರಿಸಿಕೊಂಡು ನೀತಿ ಹೇಳಿದರೆ, ‘ಆ ಅಜ್ಜಂಗೆ ಬೇರೆ ಕೆಲ್ಸ ಇಲ್ಯಾ?’ ಒಬ್ಬ ಹುಡುಗ ಮರ ಅಪ್ಪಿಕೊಂಡು ಇಡೀ ಕಾಡು ಉಳಿಸಿದರೆ, ‘ಉಂಬಳ ಹತ್ತಿದ್ದಿಲ್ಯಾ ಅವಂಗೆ?’ ನೂರು ಪುಟದ ಕಾದಂಬರಿಯಲ್ಲಿ ಯಾರೂ ಉಣ್ಣದಿದ್ದರೆ, ‘ಇವೆಲ್ಲಾ ಊಟ ಯಾವಾಗ ಮಾಡ್ತ?’ ಈ ಕೊನೆಯ ಪ್ರಶ್ನೆಯನ್ನು ಕನ್ನಡದ ವಿಮರ್ಶಕರು ಯಾರೂ ಇನ್ನೂ ಎತ್ತಿಲ್ಲ. ದೋಸೆಗೆ ಜೋನಿಬೆಲ್ಲ ಸುರಿದುಕೊಳ್ಳುವ ಒಂದು ಪುಟ ಇದ್ದರೆ ಮಕ್ಕಳು ಎಂಥ ಉಪದೇಶವನ್ನೂ ಕ್ಷಮಿಸುತ್ತಾರೆ ಎಂಬುದು ನನ್ನ ಅನುಭವ.

ಜರ್ಮನಿಯಲ್ಲಿ 1956ರಿಂದ ಮಕ್ಕಳ, ಹದಿಹರೆಯದವರ ಪುಸ್ತಕಗಳಿಗೆ ಸರಕಾರವೇ ಬಹುಮಾನ ಕೊಡುತ್ತ ಬಂದಿದೆ. ಅಲ್ಲಿ 2003ರಿಂದ ದೊಡ್ಡವರ ಸಮಿತಿಯ ಜೊತೆಗೆ ಹುಡುಗ ಹುಡುಗಿಯರದೇ ಒಂದು ಸಮಿತಿ ಕೂತು ತನ್ನ ಪಾಲಿನ ಬಹುಮಾನವನ್ನು ತಾನೇ ಆರಿಸುತ್ತದೆ. ಇದನ್ನು ಓದಿದಾಗಿನಿಂದ ನನ್ನ ತಲೆಯಲ್ಲಿ ಒಂದು ಸಮಿತಿ ಕೂತುಬಿಟ್ಟಿದೆ. ಶಿರಸಿ ಕಡೆಯಿಂದ ಹುಲೇಕಲ್ಲು, ವಾನಳ್ಳಿ. ಸಿದ್ದಾಪುರದಿಂದ ಹೆಗ್ಗರಣಿ, ಕಾನಸೂರು. ಯಲ್ಲಾಪುರದಿಂದ ಮಂಚಿಕೇರಿ, ವಜ್ರಳ್ಳಿ. ಒಂದೊಂದು ಊರಿನಿಂದ ಒಂದೊಂದು ಮಗು. ಅಧ್ಯಕ್ಷರು ಬೇಡ. ಚಹಾದ ಬದಲು ಹಲಸಿನ ಹಪ್ಪಳ. ಸಭೆಯ ನಡಾವಳಿ ಬರೆದುಕೊಳ್ಳಲು ಬೇಕಾದರೆ ನಾನು ಬರುತ್ತೇನೆ, ಬಾಯಿ ಬಿಡುವುದಿಲ್ಲ.

ಮಕ್ಕಳಿಗೆ ಪುಸ್ತಕದ ಆಸೆ ಹುಟ್ಟಿಸಲು ದೊಡ್ಡವರು ಪಡುವ ಪಾಡು ಇವತ್ತಿನದಲ್ಲ. ಅಮೆರಿಕದಲ್ಲಿ 1922ರಿಂದ ಕೊಡುತ್ತಿರುವ ನ್ಯೂಬೆರಿ ಪದಕಕ್ಕೆ ಹೆಸರು ಕೊಟ್ಟ ಜಾನ್ ನ್ಯೂಬೆರಿ ಲಂಡನ್ನಿನ ಪುಸ್ತಕ ವ್ಯಾಪಾರಿ. 1744ರಲ್ಲಿ ಅವನು ಮಕ್ಕಳಿಗೊಂದು ಪುಟ್ಟ ಪುಸ್ತಕ ತಂದ. ಜೊತೆಗೆ ಗಂಡುಮಕ್ಕಳಿಗೊಂದು ಚೆಂಡು, ಹೆಣ್ಣುಮಕ್ಕಳಿಗೊಂದು ಗುಂಡುಸೂಜಿ ಚುಚ್ಚುವ ದಿಂಬು. ಹುಡುಗಿಗೆ ಚೆಂಡು ಯಾಕಿಲ್ಲ ಎಂದು ಈಗಿನವರು ಕೇಳಬೇಕು, ಅದು ಬೇರೆ ಮಾತು. ಮಾರಿಕಾಂಬೆಯ ಜಾತ್ರೆಯಲ್ಲಿ ಬೆಂಡು ಬತ್ತಾಸಿನ ಪೊಟ್ಟಣದ ಜೊತೆ ಪೀಪಿಯನ್ನು ಹೊಂದಿಸಿ ಮಾರುವವನಿಗೆ ಈ ಗುಟ್ಟು ಯಾರೂ ಕಲಿಸಿಕೊಡಬೇಕಾಗಿಲ್ಲ. ಜಾತ್ರೆಯಲ್ಲಿ ತೊಟ್ಟಿಲು, ಮರಣಬಾವಿಗಳ ನಡುವೆ ಮಕ್ಕಳ ಪುಸ್ತಕದ ಒಂದು ಅಂಗಡಿ ಇದ್ದು, ‘ಬಾವಲಿ ಗುಹೆ’ ಕೊಂಡರೆ ಪೀಪಿ ಪುಕ್ಕಟೆ ಎಂದು ಕೂಗಿದರೆ ಅಕಾಡೆಮಿಯ ಘನತೆಗೆ ಕುಂದಾದೀತೆ? ಆಗಲಿ ಬಿಡಿ.

ಘನತೆ ಬಿಟ್ಟು ಮಾಡಿದ ಒಳ್ಳೆಯ ಕೆಲಸವೂ ಇದೆ. ಪಂಚಾಯತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, 2020ರ ಮಕ್ಕಳ ದಿನಾಚರಣೆಗೆ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸದಸ್ಯತ್ವಕ್ಕೆ ದುಡ್ಡಿಲ್ಲ. ಹಳ್ಳಿಯ ಮಗು ಪುಸ್ತಕವನ್ನು ಕೈಯಲ್ಲಿ ಹಿಡಿದು, ಬೇಡವೆಂದು ವಾಪಸಿಡುವ ಹಕ್ಕು ಪಡೆದದ್ದು ಇಂಥ ಕಡೆ. ಬೀಗ ಹಾಕಿದ ಗಾಜಿನ ಕಪಾಟಿನ ಮುಂದೆ ಬೆಳೆದ ನಮ್ಮ ಕಾಲದವರಿಗೆ ಈ ‘ಬೇಡ’ದ ಬೆಲೆ ಗೊತ್ತು.

ಇನ್ನೊಂದು ತೊಡಕಿದೆ. ಬಾಲ ಸಾಹಿತ್ಯ ಪುರಸ್ಕಾರದ ಪುಸ್ತಕ 9ರಿಂದ 16 ವರ್ಷದವರೆಗಿನವರಿಗೆ ಬರೆದದ್ದಾಗಿರಬೇಕು ಎಂಬುದು ನಿಯಮ. ಒಂಬತ್ತರ ಕೂಸಿಗೂ ಮೀಸೆ ಚಿಗುರಿದ ಮಾಣಿಗೂ ಒಂದೇ ಬಾಳೆ ಹಾಕಿದರೆ ಹೇಗೆ? ಅಮೆರಿಕದವರು ಹದಿಹರೆಯದವರ ಪುಸ್ತಕಕ್ಕೆ ಪ್ರತ್ಯೇಕವಾಗಿ ಪ್ರಿಂಟ್ಸ್ ಪ್ರಶಸ್ತಿ ಎಂದು 2000ದಲ್ಲಿ ಶುರು ಮಾಡಿದರು. ನಮ್ಮಲ್ಲಿ ಆ ವಯಸ್ಸಿನವರು ಚಂದಮಾಮದಿಂದ ಒಂದೇ ನೆಗೆತಕ್ಕೆ ತೇಜಸ್ವಿಯವರಿಗೆ ಹಾರುತ್ತಿದ್ದರು. 1980ರ ‘ಕರ್ವಾಲೊ’ವನ್ನು ಯಾರೂ ಮಕ್ಕಳ ಪುಸ್ತಕ ಎನ್ನಲಿಲ್ಲ, ಹಾರುವ ಓತಿಯನ್ನು ಹುಡುಕಿಕೊಂಡು ಹದಿನಾಲ್ಕು ಹದಿನೈದರ ಹುಡುಗರು ತಾವಾಗಿಯೇ ಹೋದರು. ಯಾವ ಸಮಿತಿಯೂ ತಮಗಾಗಿ ಆರಿಸಿಕೊಟ್ಟದ್ದಲ್ಲ ಎಂಬುದೇ ಅದರ ಅರ್ಧ ರುಚಿ ಇದ್ದಿರಬಹುದು. ಹಾಗಾಗಿ ಹದಿಹರೆಯದವರಿಗೊಂದು ಪ್ರಶಸ್ತಿ ಬೇಕು ಎಂದು ಅರ್ಜಿ ಬರೆಯಲು ಕೂತಾಗೆಲ್ಲ ಪೆನ್ನು ಮುಚ್ಚಿಡುತ್ತೇನೆ.

ಮೊನ್ನೆ ಈ ವಿಷಯವೇ ಮಾತಿಗೆ ಬಂತು. ಹದಿನೈದರ ಮಾಣಿ ಮೊಬೈಲಿನಿಂದ ತಲೆಯೆತ್ತಿ, ‘ಯುವ ಪುರಸ್ಕಾರ ಹೇಳಿ ಒಂದು ಇದ್ದಲ ದೊಡ್ಡಪ್ಪಾ, ಅದು ನಂಗಕ್ಕೆ ಅಲ್ದಾ?’ ಎಂದ. ಅದು ಯುವಕರು ಓದುವ ಪುಸ್ತಕಕ್ಕಲ್ಲ, ಯುವಕರು ಬರೆದ ಪುಸ್ತಕಕ್ಕೆ. ಬರೆದವರಿಗೆ 35 ಮೀರಿರಬಾರದು ಎಂದು ವಿವರಿಸಿದೆ. ಮಾಣಿ ಮನಸ್ಸಿನಲ್ಲೇ ಕಳೆಯುವ ಲೆಕ್ಕ ಮಾಡಿದ.

‘ಹಂಗಾರೆ ಇನ್ನೂ ಇಪ್ಪತ್ತು ವರ್ಷ ಟೈಮ್ ಇದ್ದಲ’ ಎಂದು ಮತ್ತೆ ಮೊಬೈಲಿಗೆ ತಲೆ ಬಗ್ಗಿಸಿದ.

‘ಮೊದ್ಲು ಹತ್ತನೇ ಕ್ಲಾಸ್ ಪಾಸ್ ಮಾಡು, ತಮಾ’ ಎಂದು ಒಳಗಿನಿಂದ ಅವನ ಅಮ್ಮ ಕೂಗಿದಳು.